ಪುಕ್ಕಟೆ ಕಣ್ಣು

ಸರ್ಕಾರಿ ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ದರ್ಜಿ ಹೆಂಗಸು ಕೂತಿದ್ದಳು. ಒಂದು ಕಣ್ಣಿಗೆ ಆಪರೇಷನ್ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅವಳ ಜೊತೆಗೆ ಬಂದ ಅಣ್ಣ ಗೊಣಗುತ್ತಿದ್ದ.

"ತಂಗಿಗೆ ಪುಕ್ಕಟೆ ಆಪರೇಷನ್ ಮಾಡಿಸ್ದ ಅಂತಾರೆ ಜನ. ನನ್ನ ಮರ್ಯಾದೆ ಏನಾಗ್ಬೇಕು?"

"ಪುಕ್ಕಟೆ ಅಂತ ಯಾರಂದ್ರು? ಬಟ್ಟೆ ಕಾರ್ಖಾನೆಗೆ ಸೇರಿದಾಗಿಂದ ಆಸ್ಪತ್ರೆ ಖರ್ಚಿಗೆ ಅಂತ ನನ್ನ ಪಾಲು ಹಿಡ್ಕೊಂಡೇ ಸಂಬಳ ಕೊಟ್ಟಿದಾರೆ. ನೆಗಡಿ ಅಂತಾನೂ ಆಸ್ಪತ್ರೆ ಕಡೆ ತಲೆ ಹಾಕಿರಲಿಲ್ಲ ನಾನು."

"ನೀನೇನೋ ಕಟ್ಟಿದೀಯ, ಸರಿ. ವಾರ್ಡಲ್ಲಿ ಏನೂ ಕಟ್ಟದ ಆ ಮುದುಕಿಗೂ ನಿನ್ನ ಪಕ್ಕದಲ್ಲೇ ಮಂಚ. ಅವರವರ ಕಾಯಿಲೆಗೆ ಅವರವರೇ ಕೊಟ್ಕೊಳ್ಳಲಿ."

"ದುಡಿಯೋಕಾಗದೋಳು ಎಲ್ಲಿಂದ ತರ್ತಾಳೆ? ಆ ಮಂಚದಲ್ಲಿ ನನ್ನ ಪಾಲಿದೆ. ಅದರ ಮೇಲೆ ಅವಳು ಹಾಯಾಗಿ ಮಲಗಿದ್ರೆ ನಂಗೆ ಹೆಮ್ಮೆ ಕಣೋ."

"ಕೈಯಿಂದ ದುಡ್ಡು ಬಿಚ್ಚಿದ್ರೇನೇ ಕೆಲ್ಸ ನೀಟು. ಈ ಶರ್ಟ್ ದೊಡ್ಡ ಅಂಗಡೀಲಿ ಹೊಲಿಸಿದ್ದು. ಕೇಳಿದಷ್ಟು ಕೊಟ್ಟೆ."

"ಕಣ್ಣು ಬರ್ಲಿ ತಡಿ, ನೋಡ್ತೀನಿ."

ನರ್ಸ್ ಬಂದು ಅಲ್ಲೇ ಪಟ್ಟಿ ಬಿಚ್ಚಿ ಕಣ್ಣೊರೆಸಿದಳು. ದರ್ಜಿ ರೆಪ್ಪೆ ಬಡಿದಳು. ಕಿಟಕಿಯ ಕಡೆ ನೋಡಲಿಲ್ಲ, ನರ್ಸ್ ತೋರಿಸಿದ ಅಕ್ಷರಗಳನ್ನೂ ನೋಡಲಿಲ್ಲ. ಅಣ್ಣನ ಶರ್ಟಿನ ಜೇಬಿನ ಅಂಚು ಹಿಡಿದಳು.

"ಎಷ್ಟು ಕೊಟ್ಟೆ ಅಂದೆ? ಹೊಲಿಗೆ ಸೊಟ್ಟಗಿದೆಯಲ್ಲೋ."

ಅಣ್ಣ ಜೇಬನ್ನು ಮುಂದಕ್ಕೆಳೆದು ಕಣ್ಣು ಕಿರಿದು ಮಾಡಿದ. "ಎಲ್ಲಿ? ನಂಗೇನೂ ಕಾಣ್ತಿಲ್ಲ."

"ಕಾಣ್ತಿಲ್ವಾ? ಹಾಗಾದ್ರೆ ನಡಿ, ನಿನ್ನ ಕಣ್ಣೂ ಇಲ್ಲೇ ತೋರಿಸೋಣ. ನನ್ನ ಪಾಲಿದೆ, ನಾಚ್ಕೋಬೇಡ."

ಅವನ ಮೊಣಕೈ ಹಿಡಿದುಕೊಂಡು ಅವಳೇ ಮುಂದೆ ನಡೆದಳು.