ಗಾಳಿ ಹೋಗದ ಪೈಪು

ಹೇಳಿಕೆ ಕೊಡುವವರು: ಮೃತನ ತಂದೆ. ವಯಸ್ಸು ಅರವತ್ತೊಂದು. ಉದ್ಯೋಗ: ತೂಕ ಮತ್ತು ಅಳತೆ ಪರಿಶೀಲಕ, ಈಗ ನಿವೃತ್ತ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮೂಲೆ ಮನೆ.

ಬೆಳಗಿನಿಂದ ಈ ಠಾಣೆಯಲ್ಲಿ ನನ್ನೊಡನೆ ಕುಳಿತಿರುವ ನನ್ನ ಭಾವಮೈದುನ, ಹಳೆಸಾಮಾನಿನ ಅಂಗಡಿಯವರು ಮತ್ತು ನನ್ನ ಮಗ ಬಾಡಿಗೆಗಿದ್ದ ಕೋಣೆಯ ಮಾಲೀಕರು, ಈ ಮೂವರಿಗೂ ಮೊದಲು ವಂದನೆ. ಅವರ ಸಂತಾಪವನ್ನು ಮಾತ್ರ ಸ್ವೀಕರಿಸಲಾರೆ. ಒಬ್ಬರ ಸಂತಾಪದ ಮೇಲೆ ನನಗೆ ಅನುಮಾನವಿರುವಾಗ ಮೂವರದನ್ನೂ ಹಿಂದಿರುಗಿಸುವುದೇ ನ್ಯಾಯ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮಗ, ವಯಸ್ಸು ಇಪ್ಪತ್ತಾರು, ಕನ್ನಡಕದ ಗಾಜು ಉಜ್ಜುವ ಕೆಲಸದಲ್ಲಿದ್ದ. ಯಾರೋ ಸೇದಿ ಬಿಟ್ಟ ಹಳೆಯ ತಂಬಾಕಿನ ಪೈಪುಗಳನ್ನು ಕೊಂಡು, ಶುಚಿ ಮಾಡಿ, ಯಾವ ಕಾರ್ಖಾನೆಯದೆಂದು ಗುರುತಿಸುವ ಹವ್ಯಾಸವನ್ನು ಈ ವರ್ಷವಷ್ಟೇ ಹಚ್ಚಿಕೊಂಡಿದ್ದ. ತಾನು ಸೇದುತ್ತಿರಲಿಲ್ಲ, ಚಿಕ್ಕಂದಿನಿಂದ ಉಬ್ಬಸ. ಮನೆಗೆ ಬಂದಾಗಲೆಲ್ಲ ಅವನ ತಾಯಿ ಬೆರಳು ಮೂಸಿ ನೋಡುತ್ತಿದ್ದಳು. ಸ್ಪಿರಿಟ್ಟಿನ ವಾಸನೆಯಷ್ಟೇ ಇರುತ್ತಿತ್ತು. ಅಮ್ಮಾ, ನೀನು ಪೊಲೀಸ್ ನಾಯಿ ಕೆಲಸಕ್ಕೆ ಅರ್ಜಿ ಹಾಕು ಎಂದು ಅವನು ರೇಗಿಸುತ್ತಿದ್ದ.

ಕಳೆದ ಭಾನುವಾರ ಅವನೊಡನೆ ನಾನೂ, ಅವನು ಪೈಪು ಕೊಳ್ಳುತ್ತಿದ್ದ ಈ ಹಳೆಸಾಮಾನಿನ ಅಂಗಡಿಗೆ ಹೋಗಿದ್ದೆ. ಅವನ ಕೈಯಲ್ಲಿ ಒಂದು ಗಿಡ್ಡ ಪೈಪಿತ್ತು, ಕತ್ತಿನ ಮೇಲೆ ಅರ್ಧ ಸವೆದ ಎಲೆಯ ಅಚ್ಚು. ಬಾಯಲ್ಲಿಡುವ ನಳಿಕೆಯನ್ನು ಬಿಚ್ಚದೆ, ಶುಚಿ ಮಾಡಲೆಂದು ನೂಲು ಸುತ್ತಿದ ಎರಡು ತಂತಿಗಳನ್ನು ಒಟ್ಟಿಗೆ ಒಳಗೆ ತುರುಕಿ, ತಂಬಾಕು ತುಂಬುವ ಬಟ್ಟಲಿಗೆ ಉಪ್ಪು ಮತ್ತು ಸ್ಪಿರಿಟ್ ತುಂಬಿ ನೆನೆಯಲು ಬಿಟ್ಟಿದ್ದ. ಪೈಪಿನ ಮರ ಉಬ್ಬಿ ಎಲ್ಲವೂ ಕಚ್ಚಿಕೊಂಡಿತ್ತು. ಎಳೆದಾಡಿ ತಂತಿಗಳ ತುದಿಯನ್ನೂ ಮುರಿದುಕೊಂಡಿದ್ದ. ಅಂಗಡಿಯವರು ನಕ್ಕು, ತಮ್ಮಾ, ಹಲ್ಲುಜ್ಜೋಕೆ ಹೋಗಿ ಬ್ರಷ್ಷನ್ನೇ ನುಂಗಿದೀಯಲ್ಲ, ಬಲವಂತ ಮಾಡ್ಬೇಡ, ಕತ್ತು ಮುರಿಯುತ್ತೆ, ತಿಂಗಳು ಒಣಗಲಿ ಆಮೇಲೆ ತಾ ಎಂದರು. ಹಿಂದಿರುಗುವಾಗ ಮಗ, ಕೋಣೆಯ ಸ್ವಿಚ್ ಬೋರ್ಡಿನಲ್ಲಿ ಕಿಡಿ ಹಾರುತ್ತಿರುವುದನ್ನೂ, ಮಾಲೀಕರು ನೋಡೋಣ ನೋಡೋಣ ಎನ್ನುತ್ತಲೇ ಇರುವುದನ್ನೂ ತಿಳಿಸಿದ.

ಗುರುವಾರ ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದವನ ಕೋಣೆಗೆ ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಬೆಂಕಿ ಬಿದ್ದಿತು. ಬಾಗಿಲು ಒಡೆದು ಮೊದಲು ಒಳಹೊಕ್ಕವರು ಮಾಲೀಕರು. ಹಾಸಿಗೆಯ ಪಕ್ಕ ಬೂದಿ ತುಂಬಿದ ಪೈಪು ಬಿದ್ದಿತ್ತೆಂದೂ, ಸೇದುತ್ತ ನಿದ್ದೆ ಹೋಗಿದ್ದರಿಂದ ಕಿಡಿ ತಗುಲಿತೆಂದೂ ಹೇಳಿದವರೂ ಅವರೇ. ಶುಕ್ರವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಸುಟ್ಟ ಗೋಡೆಯ ಮೇಲೆ ಹೊಸ ಸ್ವಿಚ್ ಬೋರ್ಡಿತ್ತು. ಹಳೆಯದನ್ನು ಕೇಳಿದೆ. ಗುಜರಿಗೆ ಹೋಯ್ತು ಯಜಮಾನ್ರೇ ಎಂದರು.

ಹಾಸಿಗೆಯ ಪಕ್ಕದಿಂದ ವಶಪಡಿಸಿಕೊಂಡ ಪೈಪಿನ ಪೊಟ್ಟಣವನ್ನು ಇಂದು ತಮ್ಮ ಸಮಕ್ಷಮ ಬಿಚ್ಚಿದಾಗ ಕಂಡದ್ದು ಎಲೆಯ ಅಚ್ಚಿನ ಅದೇ ಪೈಪು. ಮೊದಲು ಗುರುತು ಹಿಡಿದವರು ಅಂಗಡಿಯವರು. ಊದಿ ನೋಡಬೇಕೆಂದು ನಾನು ಕೋರಿದೆ. ಪೇದೆಯವರ ಕೆನ್ನೆ ಉಬ್ಬಿತೇ ಹೊರತು ಬೂದಿ ಕದಲಲಿಲ್ಲ. ಸಾರ್, ಗಾಳಿನೇ ಹೋಗ್ತಿಲ್ಲ ಎಂದರು. ಯಾರೂ ಕೇಳದಿದ್ದರೂ ಮಾಲೀಕರು, ಶಾಖಕ್ಕೆ ಒಳಗೆ ಕರಗಿರ್ಬೇಕು ಎಂದರು. ಕರಗೋಕೆ ತಂತಿ ಏನು ಬೆಣ್ಣೆನಾ ಸ್ವಾಮಿ ಎಂದು ಅಂಗಡಿಯವರು ಕೇಳಿದರು. ಉಳಿದ ಪೈಪುಗಳೆಲ್ಲ ಕಪಾಟಿನಲ್ಲೇ ಇದ್ದವೆಂದು ಮಹಜರಿನಲ್ಲಿದೆ.

ಪೈಪನ್ನು ಅಲ್ಲಿಟ್ಟವರು ಮಾಲೀಕರೆಂದು ನಾನು ಹೇಳುವುದಿಲ್ಲ; ಕಂಡವನಲ್ಲ. ಅನುಮಾನ ಪುರಾವೆಯಲ್ಲವೆಂಬುದನ್ನು ಬಲ್ಲೆ. ಆದರೆ ಗಾಳಿ ಹೋಗದ ಪೈಪಿನಲ್ಲಿ ಉಬ್ಬಸದವನೊಬ್ಬ ತಂಬಾಕು ಸೇದಿ ಬೂದಿ ಮಾಡಿದನೆಂಬ ವಾದ ನಿಲ್ಲುವುದಿಲ್ಲ. ತನ್ನ ಸಾವಿಗೆ ತಾನೇ ಕಾರಣನೆಂದು ತಮ್ಮ ವರದಿಯಲ್ಲಿ ನನ್ನ ಮಗನ ಹೆಸರಿನ ಮುಂದೆ ಬರೆದಿರುವ ಸಾಲು ಆ ವಾದದ ಮೇಲೆಯೇ ನಿಂತಿದೆ.

ಭಾವಾ, ಸಾಕು ಬಿಡಿ, ಅಕ್ಕ ಮನೆ ಬಾಗಿಲಲ್ಲೇ ಕೂತಿದ್ದಾಳೆ, ಮೊದಲು ಅವನನ್ನ ಮನೆಗೆ ಕರ್ಕೊಂಡು ಹೋಗೋಣ ಎಂದು ಭಾವಮೈದುನ ಈಗಲೂ ಹೇಳುತ್ತಿದ್ದಾನೆ. ಶವವನ್ನು ಇಂದೇ ಒಯ್ಯಬಹುದೆಂದು ತಾವೂ ತಿಳಿಸಿದ್ದೀರಿ.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ, ಎಲ್ಲವೂ ಸತ್ಯ. ಸಹಿಗೆ ಮುನ್ನ ಸೇರಿಸಬೇಕಾದದ್ದು ಇಷ್ಟು: ಶವವನ್ನು ನಾನು ಇಂದು ಪಡೆಯುವುದಿಲ್ಲ. ಬೇರೆ ಆಸ್ಪತ್ರೆಯ ವೈದ್ಯರು ಸಾವಿನ ಕಾರಣವನ್ನು ಮತ್ತೊಮ್ಮೆ ಪರೀಕ್ಷಿಸುವವರೆಗೆ ಅವನು ಶವಾಗಾರದಲ್ಲೇ ಇರಲಿ. ಈ ತೀರ್ಮಾನ ನಾನೊಬ್ಬನೇ ಮಾಡಿದ್ದು. ಅವನ ತಾಯಿಗೆ ಇನ್ನೂ ಗೊತ್ತಿಲ್ಲ. ಇಲ್ಲಿಂದ ಮನೆಗೆ ಹೋಗಿ ನಾನೇ ಹೇಳುತ್ತೇನೆ.

ಸ್ಥಳ: ಠಾಣೆ
ದಿನ: ಶನಿವಾರ
ಸಹಿ: ಮೃತನ ತಂದೆ