ನಿಂತು ಮಾಡುವ ಕೆಲಸ

ಇಲ್ಲ ಚಂಪಕಾ ಅವರೇ, ಕೂರಲ್ಲ. ಕೂರೋ ಹಾಗಿಲ್ಲ ಕಣ್ರೀ! ಇವತ್ತಿಗೆ ಮೂರನೇ ದಿನ... ಮಂಡಿ ಅನ್ನೋದು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ. ಕೂರೋಣ ಅಂದ್ರೂ ಸ್ಟೂಲ್ ಎಲ್ಲಿದೆ? ಯಜಮಾನರು ಉಗ್ರಾಣದೊಳಗೆ ಹಾಕಿ ಬೀಗ ಜಡಿದಿದ್ದಾರೆ. ಕೀ ಅವರ ಹತ್ತಿರ.

ನಗಬೇಡಿ. ನಿಮ್ಮ ಕೈಯಲ್ಲಿ ಪರೀಕ್ಷೆಯ ಆಸಿಡ್ ಬಾಟಲಿ ಇದೆ, ಚೆಲ್ಲೀತು.

ಅಯ್ಯೋ, ನೀವು ಏಳಬೇಡಿ! ಕೂತಿರಿ. ನೀವೂ ನಿಂತುಬಿಟ್ಟರೆ ಎಲ್ಲಾ ಕೆಟ್ಟುಹೋಗುತ್ತೆ. ಹನ್ನೊಂದು ಗಂಟೆ ಬಸ್ಸಿಗೆ ಲೇಬರ್ ಇನ್ಸ್‌ಪೆಕ್ಟರು ಬರ್ತಾರೆ. ನೀವೇ ಕರೆಸಿದ್ದು ತಾನೆ? ಅರ್ಜಿಯ ನಕಲು ನಮಗೂ ಬಂದಿದೆ. 'ಟಿ. ನರಸೀಪುರದ ಈ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು ಇಬ್ಬರು. ಇಬ್ಬರೂ ಬಿ.ಎಸ್ಸಿ. ಗಂಡಸಿಗೆ ಮುನ್ನೂರ ಇಪ್ಪತ್ತೈದು, ಹೆಂಗಸಿಗೆ ಇನ್ನೂರ ಐವತ್ತು...' ಅಕ್ಷರ ಚೆನ್ನಾಗಿದೆ. ಒಂದು ಕಡೆಯೂ ಹೊಡೆದು ತಿದ್ದಿಲ್ಲ.

ಗೊತ್ತು, ಗೊತ್ತು. ಸಮಾನ ವೇತನದ ಕಾಯ್ದೆ. ಎಪ್ಪತ್ತಾರರಲ್ಲೇ ಬಂತು. ಒಂದೇ ಥರದ ಕೆಲಸಕ್ಕೆ ಒಂದೇ ಸಂಬಳ. ನಾನೆಲ್ಲಿ ಇಲ್ಲ ಅಂದೆ? ಒಂದೇ ಥರದ ಕೆಲಸಕ್ಕೆ! ನಮ್ಮದು ಒಂದೇ ಥರವಾ?

ಬಾಟಲಿ ಯಾಕೆ ತೋರಿಸ್ತೀರಿ? ಸರಿ... ಬನ್ನೂರು ಕಡೆಯ ಒಂದೇ ಕ್ಯಾನಿಂದ ಎರಡು ಬಾಟಲಿ ಹಾಲು. ಒಂದು ನಿಮಗೆ, ಒಂದು ನನಗೆ. ಇಬ್ಬರ ಕೊಬ್ಬಿನ ರೀಡಿಂಗೂ ತಾಳೆಯಾದರೇ ಕ್ಯಾನ್ ಒಳಗೆ ಹೋಗೋದು. ಈಗ ನಿಮಗೆ ಎಷ್ಟು ಬಂತು? ನಾಲ್ಕು ಪಾಯಿಂಟ್ ಎರಡಾ? ನನಗೂ... ನಾಲ್ಕು ಪಾಯಿಂಟ್ ಎರಡು. ದರಿದ್ರದ್ದು, ಯಾವಾಗಲೂ ತಾಳೆಯಾಗುತ್ತೆ! ಆದರೆ ನೀವು ಕೂತು ನೋಡಿದ್ದು, ನಾನು ನಿಂತು ನೋಡಿದ್ದು. ಕೆಲಸ ಬೇರೆ. ಇನ್ಸ್‌ಪೆಕ್ಟರು ಕೇಳಿದರೆ, 'ಹೌದು ಸಾರ್, ಇವರು ನಿಂತೇ ಮಾಡ್ತಾರೆ' ಅಂತ ಒಂದು ಮಾತು ಹೇಳಿ. ಸಾಕು.

ಮತ್ತೆ ನಗ್ತೀರಿ!

ನನ್ನ ಐಡಿಯಾ ಅಲ್ಲ ಕಣ್ರೀ. ಯಜಮಾನರದು. ಅರ್ಜಿ ಬಂದ ದಿನ ಚಿಕ್ಕಸ್ವಾಮಿಯವರು ನನ್ನನ್ನ ಕರೆದರು. 'ವ್ಯಾಸರಾಜ್ರೇ, ಇಬ್ರುದೂ ಒಂದೇ ಕೆಲ್ಸ ಅಂತ ಆಯಮ್ಮ ಬರ್ದವ್ರಲ್ಲ, ಏನ್ ಮಾಡಾದು?' ಅಂದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಅಂದ್ರೆ... ಸುಮ್ಮನೇ ಇದ್ದೆ. ಅವರೇ ಯೋಚನೆ ಮಾಡಿ, 'ನಾಳಿಂದ ನೀವು ನಿಂತ್ಕಂಡು ಮಾಡಿ' ಅಂದರು. ಕಾರಣಾನೂ ಅವರೇ ಹೇಳಿದರು. ನಿಂತವನ ಗುರುತ್ವ ಕೇಂದ್ರ ಕೂತವರಿಗಿಂತ ಮೂವತ್ತೈದು ಸೆಂಟಿಮೀಟರ್ ಮೇಲಿರುತ್ತೆ, ಅದಕ್ಕೆ ಕಾಲಿನ ಸ್ನಾಯುಗಳ ಶ್ರಮ ಗಂಟೆಗೆ...

ಯಾಕೆ ಹಾಗೆ ನೋಡ್ತೀರಿ?

ಹೌದು, ಅವರೇ ಅಂದಿದ್ದು. ಗುರುತ್ವ ಕೇಂದ್ರ ಅಂತಲೇ... ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು ಅನ್ನಬಾರದಾ? ಕಬ್ಬಿನ ಗಾಡಿ ತುಂಬಿದವರಿಗೆ ಅದೆಲ್ಲ ತಾನಾಗೇ ಬರುತ್ತೆ. ಸೆಂಟಿಮೀಟರು... ಸೆಂಟಿಮೀಟರನ್ನ ನಾನು ಸೇರಿಸಿರಬಹುದು. ಅವರು ಒಂದೂವರೆ ಗೇಣು ಅಂದಿರಬೇಕು.

ಏನಾದರೂ ಮಾತಾಡಿ. ಬೇಕಾದ್ರೆ ಬೈಯಿರಿ.

...ಸರಿ ಕಣ್ರೀ, ನಾನೇ! ನಾನೇ ಹೇಳಿಕೊಟ್ಟಿದ್ದು. ಗ್ರಾಫ್ ಹಾಳೆ ಮೇಲೆ ಬರೆದೇ ಕೊಟ್ಟೆ. ಪಾಪ, ಅವರಿಗೆ ಅರ್ಥವೇ ಆಗಲಿಲ್ಲ. 'ನಿಂತ್ಕಂಡು ನೋಡುದ್ರೆ ಹಾಲು ಬ್ಯಾರೆ ಆಯ್ತದಾ?' ಅಂತ ಮೂರು ಸಲ ಕೇಳಿದರು.

ಇನ್ನೇನು ಮಾಡಲಿ? ಇಬ್ಬರಿಗೂ ಒಂದೇ ಸಂಬಳ ಅಂದ್ರೆ ಅವರು ನಿಮ್ಮದನ್ನ ಏರಿಸ್ತಾರಾ? ನನ್ನದನ್ನ ಇಳಿಸ್ತಾರೆ! 'ಇಬ್ರುಗೂ ಇನ್ನೂರೈವತ್ತು, ಸಮ ಆಯ್ತಲ್ಲ' ಅಂತಾರೆ. ತಿಂಗಳಿಗೆ ಎಪ್ಪತ್ತೈದು ರೂಪಾಯಿ! ನಂಜನಗೂಡಲ್ಲಿ ಮನೆ ಬಾಡಿಗೆ ಇದೆ, ತಂಗಿ ಟೀಚರ್ ಟ್ರೈನಿಂಗ್ ಮಾಡ್ತಿದ್ದಾಳೆ... ಹೌದು, ಅವಳೂ ನಾಳೆ ಕೆಲಸಕ್ಕೆ ಹೋಗ್ತಾಳೆ. ಅವಳಿಗೂ ಯಾರಾದರೂ ಹೀಗೇ... ಛೇ! ಅದು ಬೇರೆ. ಸ್ಕೂಲಲ್ಲಿ ಎಲ್ಲರೂ ನಿಂತೇ ಪಾಠ ಮಾಡೋದು.

ಏನದು? ಕಾಯ್ದೆಯ ನಕಲಾ? ಯಾವ ಸಾಲು... ಪೆನ್ಸಿಲ್ ಗೆರೆ ಎಳೆದಿದ್ದೀರಲ್ಲ, ಇದಾ? ಸಮ ಮಾಡೋ ನೆಪದಲ್ಲಿ ಮಾಲೀಕ ಯಾವ ಕೆಲಸಗಾರನ ಸಂಬಳವನ್ನೂ... ಇಳಿಸುವಂತಿಲ್ಲ.

ಇಳಿಸುವಂತಿಲ್ಲ.

ಅಂದ್ರೆ ನಿಮ್ಮದು ಏರಬೇಕು. ನನ್ನದು ಇದ್ದಲ್ಲೇ ಇರಬೇಕು. ಹಾಗಿದ್ರೆ ನಾನು ಮೂರು ದಿನದಿಂದ ಯಾಕ್ರೀ ನಿಂತಿದ್ದೀನಿ?

ಮೊದಲೇ ತೋರಿಸಬಾರದಿತ್ತಾ? ...ಹೌದು. ನಾನು ಕೇಳಲಿಲ್ಲ. ನಿಮ್ಮನ್ನ ಒಂದು ಮಾತೂ ಕೇಳಲಿಲ್ಲ.

ಅಗೋ! ಗೇಟಲ್ಲಿ ಮರಿಯಯ್ಯ ಕೂಗ್ತಿದ್ದಾನೆ. 'ಸಾ, ಇನ್ಸ್‌ಪೆಕ್ಟ್ರು ಬಂದ್ರು!' ಬಂದೇಬಿಟ್ಟರು! ಈಗ ಇಬ್ಬರೂ ಒಂದೇ ಥರ ಕೂತಿರಬೇಕು. ಸ್ಟೂಲ್... ಅಯ್ಯೋ, ಉಗ್ರಾಣಕ್ಕೆ ಬೀಗ! ಕೀ ಯಜಮಾನರ ಹತ್ತಿರ. ಅವರು ಗೇಟಿಗೆ ಹೋದರು ಅಂತ ಕಾಣುತ್ತೆ. ಇನ್ನು ಹೇಗೆ...

ಏನು ನೋಡ್ತಿದ್ದೀರಿ?

ಜೇಬಲ್ಲಾ? ಏನೂ ಇಲ್ಲ. ಪೆನ್ನು. ಪೆನ್ನಿನ ಪಕ್ಕ... ಅದು ಸೈಕಲ್ ಕೀ.

...

ಸೈಕಲ್ ಇಲ್ಲ ನನಗೆ. ನಿಮಗೂ ಗೊತ್ತು. ದಿನಾ ಒಂದೇ ಬಸ್ಸಲ್ಲಿ ಬರ್ತೀವಿ.

ಬೇಡ, ಕೈ ಚಾಚಬೇಡಿ. ಬೀಗ ಹಾಕಿದವನು ನಾನು, ನಾನೇ ತೆಗೆದು ತರ್ತೀನಿ. ನೀವು ಕೂತಿರಿ ಚಂಪಕಾ ಅವರೇ. ನಿಂತು ಮಾಡೋ ಕೆಲಸ ಅಂತ ಇನ್ನು ಉಳಿದಿರೋದು ಇದೊಂದೇ.