ಕಾರಂಜಿ ಬರಿ ಅಂದ್ರು

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕಾಲೇಜು ಹುಡುಗಿಯೊಬ್ಬಳು, ಬಗಲಲ್ಲಿ ಚಿತ್ರದ ಸುರುಳಿ ಹಿಡಿದು, ತನ್ನ ಅತ್ತೆಗೆ ನೀರಿನ ಬಾಟಲಿ ಚಾಚಿದಳು.

“ಕುಡಿ ಅತ್ತಿ, ಬಾಯಿ ಒಣಗೇತಿ.”

“ಒಲ್ಲೆವಾ. ಚಿತ್ರದ್ದು ಏನಾತು?”

“ಊರು ಹೆಂಗಿರಬೇಕು, ಹುಡುಗೂರು ನೀವ ಬರೀರಿ ಅಂತ ಪುರಸಭೆಯವ್ರು ಅಂದಿದ್ರು. ಈ ಬಸ್‌ಸ್ಟ್ಯಾಂಡಿನ ಖಾಲಿ ಜಾಗಾದಾಗ ಬೇವಿನ ಗಿಡ, ಕುಂದ್ರಾಕ ಕಟ್ಟಿ, ಹೆಂಗಸರಿಗೆ ಪಾಯಖಾನಿ ಬರದೆ.”

“ಚಲೋನ ಐತಲ್ಲ?”

“ಪಾಯಖಾನಿ ಅಳಸು, ಕಾರಂಜಿ ಬರಿ, ಚಂದ ಕಾಣತೈತಿ ಅಂದ್ರು ಸಾಹೇಬ್ರು.”

“ಮನಿ ನಳದಾಗ ನೀರಿಲ್ಲ, ಇಲ್ಲಿ ಕಾರಂಜಿ ಕುಣಸ್ತಾನಂತ!”

“ಅಳಸಲಿಲ್ಲಂದ್ರ ನಾಳೆ ಪ್ರದರ್ಶನದಾಗ ನನ್ನ ಚಿತ್ರ ಇಡಂಗಿಲ್ಲಂತ.”

“ಅಳಸ್ತೀ ಏನು?”

“ಮತ್ತೇನ್ ಮಾಡ್ಲಿ? ಕಾಲೇಜಿಂದ ನನ್ನ ಒಬ್ಬಾಕಿ ಹೆಸರು ಬಂದೈತಿ.”

ಅತ್ತೆ ಬಾಟಲಿಯನ್ನು ಹಿಂದಕ್ಕೆ ಸರಿಸಿದಳು.

“ಅರುಣಾ, ಸಂತಿಗೆ ಬರೂ ದಿನ ನಾ ಮುಂಜಾನಿಂದ ನೀರು ಮುಟ್ಟಂಗಿಲ್ಲ. ಕುಡದ್ರ ಇಲ್ಲಿ ಎಲ್ಲಿಗೆ ಹೋಗ್ಲಿ?”

ಹುಡುಗಿ ಬಾಟಲಿ ನೋಡಿದಳು.

“ಅಳಸಂಗಿಲ್ಲ ಬಿಡತ್ತಿ.”

“ಹೆಸರು ತಗದ್ರ?”

“ತಗೀಲಿ.”

“ನಿಮ್ಮಪ್ಪ ಬೈತಾನ.”

“ಅಪ್ಪಗೇನು, ಗ್ವಾಡಿ ಬಾಜು ನಿಂತ್ರ ಆತು!”

ನವಲಗುಂದದ ಬಸ್ಸು ಬಂತು. ಹುಡುಗಿ ತಾನೂ ಕುಡಿಯದೆ ಬಾಟಲಿಯನ್ನು ಚೀಲಕ್ಕೆ ಹಾಕಿದಳು. ಇಬ್ಬರೂ ಹತ್ತಿದರು.